ಬೆಡ್‌ಶೀಟಿನ ಇನ್ನೊಂದು ತುದಿ

ಆ ಹೋಟೆಲಿನ ಲಾಂಡ್ರಿಯಲ್ಲಿ ಬಿಳಿ ಹೆಂಗಸರಿಗೆ ಮುಂಬಾಗಿಲು, ಕಪ್ಪು ಹೆಂಗಸರಿಗೆ ಹಿಂಬಾಗಿಲು. ಕೆಲಸದ ಹೊತ್ತಿನಲ್ಲಿ ಯಾರೂ ತುಟಿ ಪಿಟಕ್ಕೆನ್ನುವಂತಿರಲಿಲ್ಲ. ಸ್ನೇಹ ಕುದುರಬಾರದೆಂದು ಮ್ಯಾನೇಜರ್ ಬೆಡ್‌ಶೀಟ್ ಮಡಚುವ ಜೋಡಿಗಳನ್ನು ದಿನಾ ಬದಲಿಸುತ್ತಿದ್ದ. ಹಿಂಬಾಗಿಲಲ್ಲೇ ಓಡಾಡುತ್ತ ಇದನ್ನೆಲ್ಲ ಹತ್ತು ವರ್ಷ ಸಹಿಸಿದ ಚಿಕ್ಕಮ್ಮನ ಮೇಲೆ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಗೆ ಸಿಟ್ಟು. ಇಷ್ಟು ಬಾಯಿ ಸತ್ತವಳೇ ತನ್ನ ಚಿಕ್ಕಮ್ಮ?

ಅಂದು ಚಿಕ್ಕಮ್ಮ ಮುಂಬಾಗಿಲಿನಿಂದಲೇ ನಡೆದು ಬಂದು, ಎಂದಿನಂತೆ ಬೆಡ್‌ಶೀಟಿನ ತುದಿ ಹಿಡಿದಳು.

ಮ್ಯಾನೇಜರ್ ಉರಿದುಬಿದ್ದ. "ಹಿಡಿದಿದ್ದು ಬಿಟ್ಟು ಮನೆಗೆ ಹೊರಡು!"

"ಆಯ್ತು ಸಾರ್," ಎಂದು ಚಿಕ್ಕಮ್ಮ ತುದಿ ಬಿಟ್ಟಳು. ಇಷ್ಟೇನಾ ಎಂದು ಹುಡುಗಿಗೆ ಅಳುವೇ ಬಂತು.

ಆಗ ಇನ್ನೊಂದು ತುದಿ ಹಿಡಿದಿದ್ದ ಬಿಳಿ ಹೆಂಗಸೂ ಕೈಬಿಟ್ಟಳು. "ಒಬ್ಬಳೇ ಮಡಚೋಕಾಗಲ್ಲ ಸಾರ್." ಪಕ್ಕದ ಜೋಡಿಯೂ ಬಿಟ್ಟಿತು, ಅದರಾಚೆಯದೂ. ನೋಡನೋಡುತ್ತಲೇ ನಲವತ್ತು ಹೆಂಗಸರ ಕೈ ಖಾಲಿ.

ಹುಡುಗಿ ಚಿಕ್ಕಮ್ಮನ ಬಳಿ ಓಡಿ ಬಂದಳು. "ಇವರ ಹತ್ರ ಎಲ್ಲ ಯಾವಾಗ ಮಾತಾಡಿದೆ ಚಿಕ್ಕಮ್ಮ?"

"ತುದಿಗೆ ತುದಿ ಸೇರಿಸೋವಾಗ ಹತ್ರ ಬರ್ತೀವಲ್ಲ, ಆಗ ಒಂದೊಂದು ಮಾತು. ಹತ್ತು ವರ್ಷ ಹಿಡೀತು ಮಗಳೇ," ಎಂದಳು ಚಿಕ್ಕಮ್ಮ. "ದಿನಾ ಜೋಡಿ ಬದಲಿಸಿ, ನನ್ನನ್ನ ಎಲ್ಲರ ಹತ್ರಾನೂ ಕಳಿಸಿದ್ದು ಸಾಹೇಬರೇ!"