ಜೀವ ಹೋಗುವ ಕಿಂಡಿ

ನಮ್ಮಕ್ಕ ವ್ರೇನಿ ಶಿಕಾಗೋದಲ್ಲಿ ಹೆಸರಾದ ಮನೋವೈದ್ಯೆ. ಸಾಯುವವರ ಕೋಣೆ ಬಂತೆಂದರೆ ಅಲ್ಲಿನ ಡಾಕ್ಟರುಗಳು ಬೇಗಬೇಗ ಹೆಜ್ಜೆ ಹಾಕುತ್ತಿದ್ದ ಕಾಲದಲ್ಲಿ, ಇವಳು ಒಳಗೆ ಹೋಗಿ ಮಂಚದ ಮೇಲೇ ಕೂತು, ಕೇಳಿದವರಿಗೆ ನಿಜ ಹೇಳಿದವಳು. ಡಾಕ್ಟರುಗಳು ಅವಳಿಗೆ ಹೆಣ ಕಾಯುವವಳು ಎಂದು ಹೆಸರಿಟ್ಟರು. ರೋಗಿಗಳು ಮಾತ್ರ ಹಿಡಿದ ಕೈ ಬಿಡುತ್ತಿರಲಿಲ್ಲವಂತೆ. ಈಗ ದೇಶದೇಶದ ನರ್ಸುಗಳು ಅವಳಿಂದ ಕಲಿಯುತ್ತಾರೆ. ಅವಳ ತಂಗಿ ಬಾಬೆಲಿ, ಅಂದರೆ ನಾನು, ನಮ್ಮ ಹುಟ್ಟೂರಿನ ಈ ಹಿಮದ ಬೆಟ್ಟದ ಮೇಲೇ ಉಳಿದು ಹಸು ಕರೆದೆ, ಅಮ್ಮನನ್ನು ನೋಡಿಕೊಂಡೆ.

ಅಮ್ಮನ ಹೊಟ್ಟೆಯ ಗಡ್ಡೆ ಯಾವ ಮದ್ದಿಗೂ ಬಗ್ಗದಾದಾಗ ಅಕ್ಕನಿಗೆ ತಂತಿ ಕೊಟ್ಟೆ. ಅಮ್ಮನಿಗೆ ತಿಳಿಸುವ ಧೈರ್ಯ ನನಗಿರಲಿಲ್ಲ. ಅದನ್ನೇ ಕಸುಬು ಮಾಡಿಕೊಂಡವಳು ಬರುತ್ತಾಳಲ್ಲ ಎಂದುಕೊಂಡೆ.

ಬಂದವಳು ಮೊದಲು ಮಾಡಿದ ಕೆಲಸವೆಂದರೆ ಮಂಚದ ಮೇಲಿನ ಗೋಡೆಯ ಕಿಂಡಿಗೆ ಉಣ್ಣೆಬಟ್ಟೆ ತುರುಕಿದ್ದು. ನಮ್ಮ ಮರದ ಮನೆಗಳಲ್ಲಿ ಅಂಗೈ ಅಗಲದ ಅಂಥದೊಂದು ಕಿಂಡಿ ಇರುತ್ತದೆ. ಯಾರಾದರೂ ತೀರಿಕೊಂಡಾಗ ಮಾತ್ರ ಅದರ ಹಲಗೆ ಸರಿಸುತ್ತೇವೆ, ಜೀವ ಹೊರಗೆ ಹೋಗಲೆಂದು. ಹೋದ ಕೂಡಲೇ ಮುಚ್ಚುತ್ತೇವೆ, ತಿರುಗಿ ಬಾರದಿರಲೆಂದು.

"ಗಾಳಿ ಬರ್ತಿದೆ," ಎಂದಳು ಅಕ್ಕ. ಗಾಳಿಯೂ ಇಲ್ಲ, ಮಣ್ಣೂ ಇಲ್ಲ.

ಅಮ್ಮ ಮಲಗಿದಲ್ಲಿಂದಲೇ ಆ ಬಟ್ಟೆಯನ್ನು ನೋಡಿದಳು. "ವ್ರೇನಿ, ಇನ್ನು ಹೆಚ್ಚು ದಿನ ಇಲ್ಲ ಅಲ್ವೇನೇ?"

"ಏನಮ್ಮ ನೀನು. ಹುಲ್ಲು ಕೊಯ್ಯೋ ಹೊತ್ತಿಗೆ ಎದ್ದು ಓಡಾಡ್ತೀಯ."

"ಅಮೆರಿಕದವ್ರಿಗೂ ಈ ಹುಲ್ಲಿನ ಕತೇನೇ ಹೇಳ್ತೀಯಾ?"

ಬಾರ್ಲಿ ಗಂಜಿ ಬಿಸಿ ಮಾಡುವ ನೆಪ ಹೇಳಿ ಅಕ್ಕ ಎದ್ದುಹೋದಳು. ದೀಪದ ಬುಡದಲ್ಲೇ ಕತ್ತಲೆ. ನನಗೆ ಮೈಯೆಲ್ಲ ಉರಿಯಿತು.

"ಅಲ್ಲ ಕಣೇ, ಊರಿಗೆಲ್ಲ ನಿಜ, ಹೆತ್ತವಳಿಗೆ ಸುಳ್ಳಾ?" ಎಂದು ಒಲೆಯ ಬಳಿ ಬೈದೆ.

"ಅವ್ರ್ಯಾರೂ ನಮ್ಮಮ್ಮ ಅಲ್ವಲ್ಲ ಬಾಬೆಲಿ. ನಾನು ಹೇಳಿದ್ರೆ ನಿಜವಾಗ್ಲೂ ಹೋಗ್ಬಿಡ್ತಾಳೆ. ನಾಳೆ ಹೇಳ್ತೀನಿ." ಕುದಿದು ಇಳಿಸಿದ್ದ ಗಂಜಿಯನ್ನು ಅವಳು ಮತ್ತೆ ಒಲೆಯ ಮೇಲಿಟ್ಟಳು.

ಆ ಸಂಜೆ ಅಮ್ಮ ನನ್ನನ್ನು ಹತ್ತಿರ ಕರೆದಳು. "ಅವಳು ಬಾಯಿ ಬಿಡ್ಲಿ ಅಂತ ಕಾಯ್ತಿದ್ದೀನಿ. ಆಮೇಲೆ ನಾನೂ ಹೋಗಿಬರ್ತೀನಿ ಅನ್ಬಹುದು. ನಾನೇ ಶುರು ಮಾಡಿದ್ರೆ ಮಗು ಅತ್ತುಬಿಡುತ್ತೆ."

ಆ ಮಗುವಿನ ತಲೆ ಪೂರ್ತಿ ನರೆತಿತ್ತು.

ನಾಳೆ ಬಂತು. ಅಕ್ಕ ಅಮ್ಮನ ಕೈ ಹಿಡಿದುಕೊಂಡು ಮೇಲಿನ ಹುಲ್ಲುಗಾವಲು, ಹೊಸ ಕರು ಎಂದು ಏನೇನೋ ಹೇಳುತ್ತಲೇ ಇದ್ದಳು. ಅಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. ಕರುವಿನ ಮಾತು ಮುಗಿಯುವ ಮೊದಲೇ ಅಮ್ಮನ ಉಸಿರು ನಿಂತಿತು.

ಕಿಂಡಿಯ ಬಟ್ಟೆ ಚಳಿಗೆ ಹೆಪ್ಪುಗಟ್ಟಿ ಹಲಗೆಗೆ ಅಂಟಿತ್ತು. ಇಬ್ಬರೂ ಸೇರಿ ಕಿತ್ತೆವು. ಹಲಗೆ ಸರಿಸಿ, ಸ್ವಲ್ಪ ಹೊತ್ತು ಬಿಟ್ಟು, ಮುಚ್ಚಲು ಕೈ ಚಾಚಿದೆ. ಅಕ್ಕ ಕಿಂಡಿಗೆ ತನ್ನ ಕೈ ಅಡ್ಡ ಇಟ್ಟಳು.

"ಇರು. ಮುಚ್ಬೇಡ."

ಮಂಚದ ಮೇಲೆ ಮಂಡಿಯೂರಿ, ಹೊರಗಿನ ಹಿಮ ಒಳಗೆ ಬೀಳುತ್ತಿದ್ದ ಆ ಕಿಂಡಿಗೆ ಬಾಯಿ ಇಟ್ಟಳು.

"ಅಮ್ಮಾ," ಎಂದಳು, "ನೀನು ಸಾಯ್ತಿದ್ದೀಯ ಕಣಮ್ಮ. ನಾನು ಪಕ್ಕದಲ್ಲೇ ಇದ್ದೀನಿ. ಏನಾದ್ರೂ ಹೇಳ್ಬೇಕಿದ್ರೆ ಹೇಳು."