ಎದುರು ಸಿಕ್ಕರೂ ಮಾತನಾಡಿಸದ ಜೆಸ್ಸಿ ಬಾಯಿ

ಟಕ್.

ರಾತ್ರಿ ಎಲ್ಲರೂ ಮಲಗಿದ ಮೇಲೆ ಮುಂಬಾಗಿಲ ಚಿಲಕ ತೆಗೆದು ಹಾಕಿದ ಸಣ್ಣ ಸದ್ದು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಟಕ್. ಆಮೇಲೆ ಅಡುಗೆಮನೆಯ ದೀಪ ಹೊತ್ತಿಕೊಂಡಿತು.

"ಜಿತೇಶಾ, ಎಂತ ಮಾಡ್ತಾ ಇದ್ದಿ?" ಉದ್ಯಾವರದ ಬೇಬಿಯಕ್ಕ ಮಲಗಿದಲ್ಲಿಂದಲೇ ಮಗನನ್ನು ಕೇಳಿದರು.

"ಎಂತ ಇಲ್ಲ ಅಮ್ಮ. ಗ್ಯಾಸ್ ಬಂದ್ ಉಂಟಾ ಅಂತ ನೋಡಿದೆ."

"ಬಂದ್ ಉಂಟು. ನಾನೇ ಮಾಡಿದ್ದು. ಮಲಗು."

"ಬಾಗಿಲು?"

"ಅದೂ ಹಾಕಿದ್ದೇನೆ ಮಾರಾಯ."

ಮಗ ಹೋಗಿ ಮಲಗಿದ. ಬೇಬಿಯಕ್ಕನಿಗೆ ಇನ್ನೇನು ನಿದ್ದೆ ಹತ್ತಬೇಕು, ಟಕ್.

ಇದು ಏನೆಂದೇ ಅವರಿಗೆ ತಿಳಿಯುತ್ತಿರಲಿಲ್ಲ. ಮಗ ಕುಡಿಯುವವನಲ್ಲ, ಜಗಳಗಂಟನಲ್ಲ. "ನನ್ನ ಮಗನಿಗೆ ಮನೆಯ ಜವಾಬ್ದಾರಿ ಉಂಟು" ಎಂದು ಮೊದಮೊದಲು ಊರಿಗೆಲ್ಲ ಹೊಗಳಿದ್ದೂ ಅವರೇ. ಈಗ ಆ ಜವಾಬ್ದಾರಿಯೇ ಅವನ ನಂದಿಕೂರಿನ ಕೆಲಸಕ್ಕೆ ಕುತ್ತಾಗಿತ್ತು. ಬೆಳಿಗ್ಗೆ ಹೈವೇವರೆಗೆ ಹೋದವನು ಗ್ಯಾಸ್ ನೋಡಲು ತಿರುಗಿ ಬರುತ್ತಿದ್ದ. ಅಷ್ಟರಲ್ಲಿ ಕಂಪೆನಿ ಬಸ್ಸು ಹೊರಟುಹೋಗುತ್ತಿತ್ತು. ಇನ್ನೂ ಹೀಗೆಯೇ ಆದರೆ ಬರುವುದೇ ಬೇಡ ಎಂದು ಮೇಲಿನವರು ಹೇಳಿಯಾಗಿತ್ತು.

"ಮಾಮಿ, ಡಾಕ್ಟರಿಗೆ ತೋರಿಸುವ," ಎಂದಳು ಸೊಸೆ ವಿಜೇತಾ.

"ಎಂತಕ್ಕೆ ಡಾಕ್ಟರು? ಜ್ವರವಾ, ಕೆಮ್ಮಾ? ಅದು ಸ್ವಲ್ಪ ಮಂಡೆಬಿಸಿ. ಯಾರಿಗಿಲ್ಲ ಹೇಳು. ಮೀನಿನ ರೇಟು ಕೇಳಿದರೆ ನನಗೂ ಮಂಡೆಬಿಸಿ ಆಗ್ತದೆ."

"ಆ ಡಾಕ್ಟರಲ್ಲ. ಮನಸ್ಸಿನ ಡಾಕ್ಟರು."

ಬೇಬಿಯಕ್ಕ ಸೌಟನ್ನು ಕೆಳಗಿಟ್ಟರು. "ನನ್ನ ಮಗ ಎಂತ ಪಿರ್ಕಿಯಾ, ಹುಚ್ಚನಾ? ಚೈತಾಲಿಗೆ ಕಾರ್ಕಳದ ಸಂಬಂಧ ಮಾತಾಡ್ತಾ ಇದ್ದೇವೆ. ಹುಡುಗಿಯ ಅಣ್ಣ ಅಂಥ ಡಾಕ್ಟರ ಹತ್ತಿರ ಹೋಗ್ತಾನೆ ಅಂತ ಗೊತ್ತಾದರೆ ಅವರು ಈ ಕಡೆ ತಲೆ ಹಾಕ್ತಾರಾ?"

ನಾದಿನಿಯ ಮದುವೆಯ ಮಾತು ಬಂದ ಮೇಲೆ ವಿಜೇತಾ ಡಾಕ್ಟರ ವಿಷಯ ಬಿಟ್ಟು ಪಾತ್ರೆ ತೊಳೆಯಲು ಹೋದಳು.

ನೆರೆಮನೆಯ ಜೆಸ್ಸಿ, ಊರವರ ಗೌರವದ ಮಾತಿನಲ್ಲಿ ಜೆಸ್ಸಿ ಬಾಯಿ, ತೀರಿಕೊಂಡು ಆ ಭಾನುವಾರಕ್ಕೆ ಒಂದು ತಿಂಗಳು. ಇಗರ್ಜಿಯಲ್ಲಿ ಪೂಜೆ, ಆಮೇಲೆ ಪಕ್ಕದ ಹಾಲ್‌ನಲ್ಲಿ ಅವರ ನೆನಪಿಗೆ ನಾಲ್ಕು ಮಾತು ಮತ್ತು ಚಹಾ. ಅತ್ತೆ ಸೊಸೆ ಇಬ್ಬರೂ ಹೋದರು.

ಜೆಸ್ಸಿ ಬಾಯಿ ದೊಡ್ಡ ಆಸ್ಪತ್ರೆಯೊಂದರ ಮಾನಸಿಕ ಆರೋಗ್ಯ ವಿಭಾಗದಲ್ಲಿ ಆಡಳಿತಾಧಿಕಾರಿಯಾಗಿದ್ದು ನಿವೃತ್ತರಾದವರು. ಆಮೇಲೆ ಅಂಗಳದಲ್ಲಿ ಮಲ್ಲಿಗೆ ಬೆಳೆಸಿದರು. ಕಂಪೌಂಡಿನ ಮೇಲಿಂದ ಬೇಬಿಯಕ್ಕನಿಗೆ ಮೊಗ್ಗು ಕೊಡುತ್ತಾ ಬೇಕಾದಷ್ಟು ಹರಟುತ್ತಿದ್ದರು. ಅದೇ ಬಾಯಿ ಕಾಪು ಪೇಟೆಯಲ್ಲೋ ಮದುವೆ ಮನೆಯಲ್ಲೋ ಎದುರು ಸಿಕ್ಕರೆ ಗುರುತೇ ಇಲ್ಲದವರಂತೆ ದಾಟಿ ಹೋಗುತ್ತಿದ್ದರು. ನಾವಾಗಿ ಮಾತನಾಡಿಸಿದರೆ ಮಾತ್ರ ಒಂದು ನಗು. "ಮನೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು. ಆಫೀಸರ್ ಗತ್ತು" ಎಂದು ಬೇಬಿಯಕ್ಕ ಗೊಣಗುವುದಿತ್ತು.

ಅಂಥವರ ನೆನಪಿನ ಸಭೆಗೆ ಹಾಲ್‌ನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಬೋಟಿನಲ್ಲಿ ದುಡಿಯುವವರು, ಅಂಗಡಿಯವರು, ಕಾಲೇಜು ಹುಡುಗಿಯರು, ಮೊಮ್ಮಕ್ಕಳ ಕೈ ಹಿಡಿದ ಅಜ್ಜಿಯರು. ಆದರೆ ಬಾಯಿಯ ಬಗ್ಗೆ ಎರಡು ಮಾತನಾಡಿ ಎಂದರೆ ಒಬ್ಬರೂ ಏಳಲಿಲ್ಲ.

"ನಿಮಗೆ ಬಾಯಿ ಹೇಗೆ ಪರಿಚಯ?" ಎಂದು ಬೇಬಿಯಕ್ಕ ಪಕ್ಕದಲ್ಲಿ ಕೂತ ಪಡುಬಿದ್ರಿಯ ಹೆಂಗಸನ್ನು ಕೇಳಿದರು.

"ಹೀಗೇ."

ಆಚೆಯ ಗಂಡಸನ್ನು ಕೇಳಿದರೆ ಅವರೂ "ಹೀಗೇ, ಪರಿಚಯ" ಎಂದು ಚಹಾದ ಲೋಟದೊಳಗೆ ನೋಡಿದರು.

"ಇದೆಂತ ಮಾರಾಯ್ತಿ," ಬೇಬಿಯಕ್ಕ ಸೊಸೆಯ ಕಿವಿಯಲ್ಲಿ ಹೇಳಿದರು. "ಇಡೀ ಹಾಲಿಗೆ ಹೀಗೇ ಪರಿಚಯವಾ?"

ಹಿಂದಿನಿಂದ ಯಾರೋ ನಕ್ಕರು. ಜೆಸ್ಸಿ ಬಾಯಿಯ ತಮ್ಮನ ಮಗಳು ಕ್ಯಾರಲ್. ಅವಳು ಅದೇ ವಿಭಾಗದಲ್ಲಿ ಆಪ್ತ ಸಮಾಲೋಚಕಿ.

"ಬೇಬಿಯಕ್ಕ, ಇವರಲ್ಲಿ ಯಾರು ರೋಗಿ, ಯಾರು ನೆಂಟರು ಅಂತ ನಾನೂ ಹೇಳುವ ಹಾಗಿಲ್ಲ. ಆಂಟಿ ನಮಗೆ ಕಲಿಸಿದ್ದೇ ಅದು. ಮೊದಲು ಅಲ್ಲಿ ರೋಗಿಯ ಹೆಸರು, ಊರು ಎರಡನ್ನೂ ಕೂಗ್ತಿದ್ದರಂತೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವುದು. ಮತ್ತೆ ಆ ರೋಗಿ ಆ ಕಡೆ ಬರುವುದೇ ಇಲ್ಲ. ಆಂಟಿ ಹೆಸರು ಕೂಗುವುದನ್ನು ನಿಲ್ಲಿಸಿ ಟೋಕನ್ ತಂದರು. ಎದುರು ಬದುರು ಇದ್ದ ಬೆಂಚುಗಳನ್ನು ಕಿಟಕಿಯ ಕಡೆ ತಿರುಗಿಸಿದರು. ಬೆಂಚು ತಿರುಗಿಸಿದರೆ ರೋಗ ಗುಣ ಆಗ್ತದಾ ಅಂತ ಕೆಲವರು ನಗಾಡಿದರು. ಆದರೆ ಬಿಟ್ಟು ಹೋದ ರೋಗಿಗಳು ವಾಪಸ್ ಬಂದರು."

"ಅದು ಸರಿ. ಪೇಟೆಯಲ್ಲಿ ನನ್ನನ್ನು ಕಂಡರೆ ಮಾತಾಡಿಸ್ತಿರಲಿಲ್ಲ ಯಾಕೆ? ನಾನೆಂತ ಅವರ ರೋಗಿಯಾ?"

"ರೋಗಿಯನ್ನು ಮಾತಾಡಿಸಿದರೆ, ಇವರು ಹೇಗೆ ಪರಿಚಯ ಅಂತ ಜೊತೆಗಿದ್ದವರು ಕೇಳ್ತಾರೆ. ನಿಮ್ಮನ್ನು ಮಾತಾಡಿಸಿ ಅವರನ್ನು ಬಿಟ್ಟರೆ, ಬಿಟ್ಟದ್ದು ಯಾಕೆ ಅಂತ ಕೇಳ್ತಾರೆ. ಅದಕ್ಕೆ ಹೊರಗೆ ಯಾರನ್ನೂ ತಾನಾಗಿ ಮಾತಾಡಿಸ್ತಿರಲಿಲ್ಲ. ಜಂಭದವಳು ಅಂತ ಹೇಳಿಸಿಕೊಂಡರೂ ಬಿಡಲಿಲ್ಲ."

ಬೇಬಿಯಕ್ಕ ಸೆರಗಿನ ತುದಿ ತಿರುಚಿದರು. ಹೇಳುವುದೋ ಬಿಡುವುದೋ ತಿಳಿಯಲಿಲ್ಲ. ಕೊನೆಗೆ ದನಿ ತಗ್ಗಿಸಿ ಮಗನ ವಿಷಯ ಹೇಳಿದರು. "ಅದು ಮಂಡೆಬಿಸಿ ಅಲ್ವಾ?"

"ಮಂಡೆಬಿಸಿ ಎಲ್ಲರಿಗೂ ಉಂಟು. ಆದರೆ ಬಿಸಿ ಆರಬೇಕಲ್ಲ? ಆರದೆ ನಿದ್ದೆಯನ್ನೂ ಕೆಲಸವನ್ನೂ ತಿಂದರೆ ಅದಕ್ಕೆ ಚಿಕಿತ್ಸೆ ಬೇಕು. ಗೀಳು ಕಾಯಿಲೆ ಅಂತ ಒಂದುಂಟು. ಅದೇ ಹೌದಾ ಅಂತ ಡಾಕ್ಟರು ನೋಡಿ ಹೇಳಬೇಕು. ಮಾತ್ರೆ ಉಂಟು, ಮಾತಿನ ಚಿಕಿತ್ಸೆಯೂ ಉಂಟು."

"ಬಾಗಿಲು ಹಾಕಿದ್ದೇನೆ ಅಂತ ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ."

"ನಿಮ್ಮ ಉತ್ತರ ಅವನಿಗೆ ಒಂದು ಗಳಿಗೆಯ ತಂಪು, ಅಷ್ಟೇ. ಮತ್ತೆ ಕೇಳಬೇಕು ಅಂತಲೇ ಆಗ್ತದೆ."

"ದೈವಕ್ಕೆ ಹರಕೆ ಹೇಳುವ ಅಂತ ಇದ್ದೆ."

"ಹೇಳಿ. ಬೇಡ ಅಂದವರ್ಯಾರು? ಆಸ್ಪತ್ರೆಗೂ ಬನ್ನಿ."

ಅಂದು ಸಂಜೆ ಬೇಬಿಯಕ್ಕ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಬಾಗಿಲು ಹಾಕಿದ್ದು ನಿನಗೆ ನೆನಪಿರುವುದಿಲ್ವಾ ಮಗಾ?"

"ನೆನಪುಂಟು ಅಮ್ಮ. ಹಾಕಿದ್ದೇನೆ ಅಂತ ಗೊತ್ತುಂಟು. ಗೊತ್ತಿದ್ದೂ ಕೈ ಹೋಗ್ತದೆ. ಯಾಕೆ ಅಂತ ನನಗೇ ಅರ್ಥ ಆಗುವುದಿಲ್ಲ."

ಮಗನಿಗೂ ತನ್ನಷ್ಟೇ ಗೊಂದಲವಿದೆ ಎಂಬುದು ಅವರಿಗೆ ಅಂದೇ ತಿಳಿದದ್ದು.

ಆ ವಾರವೇ ಮೂವರೂ ಆಸ್ಪತ್ರೆಗೆ ಹೋದರು. ನಂಬರ್ ಕರೆದಾಗ ಜಿತೇಶ ಮತ್ತು ವಿಜೇತಾ ಒಳಗೆ ಹೋದರು. ಬೇಬಿಯಕ್ಕ ಒಬ್ಬರೇ ಕೂತಿದ್ದಾಗ ಪಕ್ಕದ ಬೆಂಚಿಗೆ ಒಬ್ಬರು ಬಂದು ಕೂತರು. ಬೇಬಿಯಕ್ಕನಿಗೆ ಬಹಳ ಗುರುತಿನವರು. ಇವರನ್ನು ಕಂಡದ್ದೇ ಅವರ ಮುಖ ಬಿಳಿಚಿಕೊಂಡಿತು.

ಹಿಂದಿನ ಬೇಬಿಯಕ್ಕನಾಗಿದ್ದರೆ "ನೀವೆಂತ ಇಲ್ಲಿ?" ಎಂದು ಎದ್ದೇ ಹೋಗುತ್ತಿದ್ದರು. ಸಂಜೆಯೊಳಗೆ ಸುದ್ದಿ ಕಾಪು ದಾಟುತ್ತಿತ್ತು. ಈಗ ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿ ಕಿಟಕಿಯಾಚೆ ನೋಡುತ್ತಾ ಕೂತರು.

ಹಿಂದಿರುಗುವಾಗ ಬಸ್ಸಿನಲ್ಲಿ ವಿಜೇತಾ ಕೇಳಿದಳು, "ಅಲ್ಲಿ ನಮ್ಮ ಪರಿಚಯದವರು ಯಾರಾದರೂ ನೋಡಿದರಾ ಮಾಮಿ?"

"ಯಾರೂ ಇರಲಿಲ್ಲ."

ಜಿತೇಶನ ಚಿಕಿತ್ಸೆ ನಡೆಯುತ್ತಿದೆ. ಕೆಲವು ರಾತ್ರಿ ಈಗಲೂ ಕೈ ಚಿಲಕಕ್ಕೆ ಹೋಗುತ್ತದೆ. ಆದರೆ ಬೆಳಿಗ್ಗೆ ಬಸ್ಸು ತಪ್ಪುವುದು ಕಡಿಮೆಯಾಗಿದೆ, ಕೆಲಸ ಉಳಿದಿದೆ.

ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಆರದ ಮಂಡೆಬಿಸಿ ಇದ್ದರೆ ಅದನ್ನು ಜವಾಬ್ದಾರಿ ಎಂದು ಹೊಗಳಬೇಡಿ, ಪಿರ್ಕಿ ಎಂದು ಹಳಿಯಲೂ ಬೇಡಿ. ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಹೋಗಲು ಅಂಜಿಕೆಯಾದರೆ ಮೊದಲು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್ ಸಹಾಯವಾಣಿ. ಹಗಲು ರಾತ್ರಿ ಉಂಟು, ಖರ್ಚಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಆಸ್ಪತ್ರೆಯಲ್ಲಿ ಗುರುತಿನವರು ಕಂಡರೆ, ಕಂಡದ್ದನ್ನು ಅಲ್ಲೇ ಬಿಟ್ಟು ಬನ್ನಿ.

ಬೇಬಿಯಕ್ಕ ಅಂದು ಕಂಡದ್ದು ಯಾರನ್ನು ಎಂದು ಮಾತ್ರ ಕೇಳಬೇಡಿ. ಮಕ್ಕಳಿಗಾಗಲಿ, ಸೊಸೆಗಾಗಲಿ, ಯಾರಿಗೂ ಅದನ್ನು ಹೇಳುವುದಿಲ್ಲವೆಂದು ಅವರು ನಿಶ್ಚಯಿಸಿಯಾಗಿದೆ.