ಹನ್ನೊಂದು ಬಲಗಿವಿ

ಕಿವಿ ಬೆಚ್ಚಗಿದೆ, ಮರಿಯ ಎಡಗಿವಿ, ಸಾತವ್ವನ ಹೆಬ್ಬೆರಳಿಗೆ ಗುರುತಿನ ಕಚ್ಚು ಸಿಗುತ್ತದೆ, ತಾನೇ ಹಾಕಿದ್ದು, ಎಂದೋ ಮಾಯ್ದದ್ದು, ಮರಿ ಮೊಣಕಾಲುಗಳ ನಡುವೆ ಕೊಸರಾಡುತ್ತದೆ, ಕುರಿದೊಡ್ಡಿಯ ತಟ್ಟಿಯಾಚೆ ವಕೀಲ ಚಿದಾನಂದ ಬೈಕು ನಿಲ್ಲಿಸಿ ಪ್ಯಾಂಟಿಗೆ ಅಂಟಿದ ಮುಳ್ಳು ಕೀಳುತ್ತಿದ್ದಾನೆ — ಕೋರ್ಟು ಕಳಿಸಿದ ಮನುಷ್ಯ, ಮಾಲಾಳ ಕುರಿ ಎಷ್ಟಿವೆ ನೋಡಿ ಬರೆದುಕೊಂಡು ಹೋಗಲು. ಮಾಲಾ, ತಮ್ಮ ಸಿದರಾಯನ ಮಗಳು, ಒಂಬತ್ತು ವರ್ಷ, ತಾಯಿ ಹೆರಿಗೆಯಲ್ಲೇ ಹೋದಳು, ಸಿದರಾಯ ಹೋದ ವರ್ಷ ಮುಧೋಳ ರಸ್ತೆಯಲ್ಲಿ, ಕಬ್ಬಿನ ಟ್ರ್ಯಾಕ್ಟರು, ಆಸ್ಪತ್ರೆಯವರು ಬಟ್ಟೆ ಪೂರ್ತಿ ಸರಿಸಲಿಲ್ಲ, ಒಂದು ಕಿವಿ ಕಾಣುವಷ್ಟು, ಬಂಗಾರದ ಮುರುವಿದ್ದ ಬಲಗಿವಿ, ಹೌದು ನನ್ನ ತಮ್ಮನರೀ ಎಂದಿದ್ದಳು — ಅದು ಈಗ ಬೇಡ. ನೋಡವಾ, ಕುರಿ, ಅವು ಹಾಕೋ ಮರಿ, ಎಲ್ಲಾ ಹುಡುಗಿವು, ಆಕಿ ದೊಡ್ಡಾಕಿ ಆಗೂತನಾ ನೀ ಬರೇ ಕಾಯಾಕಿ, ಸಾತವ್ವನನ್ನು ಹುಡುಗಿಯ ಪಾಲಕಿ ಮಾಡಿದ ದಿನ ಜಮಖಂಡಿ ಕೋರ್ಟಿನಲ್ಲಿ ಇದೇ ಚಿದಾನಂದ ಬಿಡಿಸಿ ಹೇಳಿದ್ದ, ಹೂಂರಿ ಅಂದಿದ್ದಳು. ಸಿದರಾಯನ ಕುರಿಗೆ ಬಲಗಿವಿ ಸೀಳು, ಗಂಡನ ಮನೆಯದಕ್ಕೆ ಎಡಗಿವಿ ಕಚ್ಚು, ಅದೂ ಕಾಗದದಲ್ಲಿದೆ. ಆದರೆ ಸತ್ತವನ ಗುರುತನ್ನು ವರ್ಷ ತುಂಬುವ ತನಕ ಹೊಸ ಮರಿಗೆ ಹಾಕುವುದಿಲ್ಲ, ಸತ್ತಾನ ಕೈ ಮರಿ ಮ್ಯಾಲ ಬೀಳತೈತಿ ಬೇ, ಅತ್ತೆ ಮುದಕವ್ವ ಹೇಳುತ್ತಿದ್ದಳು, ಹಾಗಾಗಿ ಮಾಲಾಳ ಕುರಿಗಳಿಗೆ ಹುಟ್ಟಿದ ಹನ್ನೊಂದಕ್ಕೂ ಗಂಡನ ಮನೆಯ ಕಚ್ಚು ಹಾಕಿದಳು, ಆಮೇಲೆ ಬಲಗಿವಿ ಸೀಳಿದರಾಯಿತೆಂದು, ವರ್ಷಕ್ಕೆ ಇನ್ನು ಎಂಟು ದಿನ, ವಕೀಲ ಇಂದೇ ಬಂದ. ಯಾವ ಮರಿ ಯಾವ ಕುರಿಯದೆಂದು ಮೊಲೆಗೆ ಗೊತ್ತು, ಕಾಗದಕ್ಕೆ ಹೇಗೆ ಗೊತ್ತಾಗಬೇಕು. ತಬ್ಬಲಿ ಹುಡುಗಿವು ಮರಿ ಅತ್ತಿನಽ ಕದ್ದಾಳ ಅಂತ ಬರೀತಾನ, ಹುಡುಗಿನ್ನ ಕಸಗೊಂಡು ಬೀಳಗಿ ಸ್ವಾದರಮಾವಗ ಕೊಡ್ತಾರ, ಗಂಡ ಭೀಮಶಿ ಬೆಳಿಗ್ಗೆಯಿಂದ ಇದೇ ಮಾತು, ಸುಳ್ಳೂ ಅಲ್ಲ, ಆ ಮಾವ ಗಿರಮಲ್ಲಪ್ಪ, ಮಾಲಾಳ ತಾಯಿಯ ಅಣ್ಣ, ಹುಡುಗಿ ತನಗೆ ಬೇಕೆಂದು ಅರ್ಜಿ ಹಾಕಿಯೇ ಇದ್ದಾನೆ, ಮಾಲಾ ಸಾತವ್ವನ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳದೆ ನಿದ್ದೆ ಮಾಡುವುದಿಲ್ಲ, ಇಂದು ಸಾಲಿಗೆ ಹೋಗುವಾಗ, ಅತ್ತಿ, ಇವುಗಳಾಗ ನನ್ನ ಮರಿ ಯಾವು ಬೇ, ಎಂದಳು, ಎಲ್ಲಾ ನಿನ್ನವ ನಡಿ —

ಭೀಮಶಿ ಪಕ್ಕದಲ್ಲಿ ಕುಕ್ಕರಿಸಿ ಸೊಂಟದ ಚೀಲ ಬಿಚ್ಚುತ್ತಾನೆ, ಉಪ್ಪಿನ ವಾಸನೆ, ಒಣಗಿದ ಕಿವಿಗಳು, ಹನ್ನೊಂದು. ಮರಿ ಸತ್ತರೆ ಕಿವಿ ಕೊಯ್ದು ಒಡೆಯನ ಕೈಗಿಡಬೇಕು, ಮಾರಿಲ್ಲ, ತಿಂದಿಲ್ಲ, ಸತ್ತದ್ದೇ ಎನ್ನಲು ಕುರುಬರಿಗೆ ಬೇರೆ ಸಾಕ್ಷಿಯಿಲ್ಲ. ಎಲ್ಲಿವರೀ ಇವು, ಸಾತವ್ವ ಕೇಳುತ್ತಾಳೆ. ಸಾವಳಗಿ ಹಾಲಸಿದ್ದಪ್ಪನ ಹಿಂಡಿಗೆ ಬ್ಯಾನಿ ಬಂದಿತ್ತು, ಸತ್ತ ಮರಿವು ಬಲಗಿವಿ ಕೊಯ್ಕೊಂಡು ಬಂದು ಸಿದರಾಯನ ಗುರುತು ನಾನಽ ಸೀಳೇನಿ, ಹುಡುಗಿ ಮರಿ ಸತ್ತಾವರಿ ಅಂದು ಅವನ ಕೈಯಾಗ ಇಡು, ಹುಡುಗಿನೂ ಉಳೀತಾಳ, ಈ ಹನ್ನೊಂದು ಮರಿನೂ ನಮ್ಮವಽ ಆಗಿ ಉಳೀತಾವ. ಅವಗೇನ್ ತಿಳೀತೈತಿ, ಹೋತ ಯಾವ್ದು ಟಗರ ಯಾವ್ದು ಗೊತ್ತಿಲ್ಲ ಮಗಗ. ಏನವಾ ಸಾತವ್ವ, ವಕೀಲ ತಟ್ಟಿ ದಾಟಿದ, ಕಾಗದದಾಗ ಮೂವತ್ತ ಕುರಿ ಅದಾವ, ಹುಡುಗಿದು ಒಂದೂ ಮರಿ ಕಾಣವಲ್ದಲ್ಲ? ಹೇಳಾಕತ್ತಾಳ್ರಿ, ಭೀಮಶಿ ನಗುತ್ತಾನೆ, ಚೀಲ ಅವಳ ಅಂಗೈಗೆ ಒತ್ತುತ್ತಾನೆ, ಒಂದು ಕಿವಿ ಜಾರಿ ಬೆರಳಿಗೆ ಅಂಟಿತು, ಹಗುರ, ತಣ್ಣಗೆ, ಸೀಳಿದ್ದು, ಸತ್ತಾವರಿ ಎಂದರೆ ಸಾಕು, ಒಂದು ಮಾತು, ಆಗಲೂ ಒಂದೇ ಮಾತು ಹೇಳಿದ್ದಳು, ಬಟ್ಟೆಯ ಅಂಚು, ಮುರುವಿದ್ದ ಬಲಗಿವಿ, ಇಡು, ಭೀಮಶಿ ಹಲ್ಲು ಕಚ್ಚಿ, ಇಡು ಲೇ, ಬಟ್ಟೆಯ ಅಂಚು, ಬಲಗಿವಿ, ಬಲಗಿವಿ —

ಸತ್ತಾವ ಅನ್ನಾಕ ನಾ ಒಲ್ಲೆ, ಎಂದಳು ಸಾತವ್ವ, ವಕೀಲನಿಗೂ ಕೇಳುವಂತೆ.